ಸಾವಿರ ಗಜದ ಗುರಿ: ಬಿಸ್ಲಿಯ ರೈಫಲ್ ಸ್ಪರ್ಧೆ ನೋಡಲು ಹೋಗುವುದು ಹೇಗೆ?

ಜುಲೈ ತಿಂಗಳಲ್ಲಿ ಲಂಡನ್ನಿನ ಮಗನ ಮನೆಗೋ ಮಗಳ ಮನೆಗೋ ಹೋಗುವವರು ಈಗ ನಮ್ಮಲ್ಲಿ ಬಹಳ ಮಂದಿ. ಅರಮನೆ, ಮ್ಯೂಸಿಯಂ, ಟವರ್ ಬ್ರಿಡ್ಜ್ ಎಲ್ಲ ಮುಗಿದ ಮೇಲೆ ಒಂದು ಶನಿವಾರವನ್ನು ಬಿಸ್ಲಿಗೆ ಎತ್ತಿಡಿ. ಸರ್ರೆ ಪ್ರಾಂತ್ಯದ ಈ ಊರಿನಲ್ಲಿ ಪ್ರತಿವರ್ಷ ಇಂಪೀರಿಯಲ್ ಮೀಟಿಂಗ್ ಎಂಬ ದೊಡ್ಡ ರೈಫಲ್ ಕೂಟ ನಡೆಯುತ್ತದೆ. 1000 ಗಜ ಅಂದರೆ 914 ಮೀಟರ್. ಅಷ್ಟು ದೂರದ ಗುರಿಗೆ ಬೋರಲು ಮಲಗಿ, ಟೆಲಿಸ್ಕೋಪ್ ಇಲ್ಲದ ರೈಫಲ್‌ನಿಂದ ಹೊಡೆಯುತ್ತಾರೆ. ನಾವು ಟಿ.ವಿ.ಯಲ್ಲಿ ನೋಡುವ ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳು 10 ಮತ್ತು 50 ಮೀಟರ್‌ನವು. ಅಲ್ಲಿಗೂ ಇಲ್ಲಿಗೂ ಆಟವೇ ಬೇರೆ.

ಒಂದು ಮಾತು ಮೊದಲೇ ಹೇಳಬೇಕು. ಏನು ನೋಡಬೇಕು ಅನ್ನೋದು ಗೊತ್ತಿಲ್ಲದೆ ಹೋದರೆ ಅರ್ಧ ಗಂಟೆಯಲ್ಲಿ ಬೇಸರ ಬರುತ್ತದೆ. ಜನ ಮಲಗಿದ್ದಾರೆ, ಸದ್ದು ಬರುತ್ತಿದೆ, ದೂರದಲ್ಲಿ ಹಲಗೆಗಳು ಏರಿ ಇಳಿಯುತ್ತಿವೆ, ಅಷ್ಟೆ. ಆದರೆ ಈ ಆಟ ನಡೆಯುವುದು ಗುಂಡಿಗೂ ಗಾಳಿಗೂ ನಡುವೆ. ಗಾಳಿಯನ್ನು ನೋಡಲು ಕಲಿತರೆ ಸಂಜೆಯವರೆಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ಮೊದಲು ದಿನ ಆರಿಸಿಕೊಳ್ಳಿ

ಕೂಟ ನಡೆಸುವುದು ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್. ಇದು ಹುಟ್ಟಿದ್ದು 1859ರಲ್ಲಿ. ಮರುವರ್ಷ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ಮೊದಲ ಕೂಟ ನಡೆಯಿತು. ಸ್ಟ್ಯಾಂಡಿಗೆ ಬಿಗಿದಿಟ್ಟ ವಿಟ್ವರ್ತ್ ರೈಫಲ್ಲಿನ ರೇಷ್ಮೆ ದಾರ ಎಳೆದು, 400 ಗಜದ ಗುರಿಗೆ ಮೊದಲ ಗುಂಡು ಹಾರಿಸಿದವರು ಸ್ವತಃ ವಿಕ್ಟೋರಿಯಾ ರಾಣಿ. 1890ರಲ್ಲಿ ಕೂಟ ಬಿಸ್ಲಿಗೆ ಬಂತು.

ಎಲ್ಲಕ್ಕಿಂತ ದೊಡ್ಡ ಸ್ಪರ್ಧೆ ಕಿಂಗ್ಸ್ ಪ್ರೈಜ್. ರಾಣಿ ಇದ್ದಾಗ ಕ್ವೀನ್ಸ್ ಪ್ರೈಜ್ ಆಗಿತ್ತು. ಇದಕ್ಕೆ ಮೂರು ಸುತ್ತು. ಮೊದಲ ಸುತ್ತಿನಲ್ಲಿ 300, 500, 600 ಗಜಗಳಿಂದ ಏಳೇಳು ಗುಂಡು. ಅದರಲ್ಲಿ ಮುಂದಿರುವ 300 ಮಂದಿಗೆ ಎರಡನೇ ಸುತ್ತು, ಅವೇ ದೂರಗಳಿಂದ ಹತ್ತು ಹತ್ತು ಗುಂಡು. ಅವರಲ್ಲಿ 100 ಮಂದಿ ಮಾತ್ರ ಫೈನಲ್ ತಲುಪುತ್ತಾರೆ. ಫೈನಲ್ ಅಂದರೆ 900 ಮತ್ತು 1000 ಗಜಗಳಿಂದ ಹದಿನೈದು ಹದಿನೈದು ಗುಂಡು. ಇದು ಕೂಟದ ಕೊನೆಯ ಶನಿವಾರ ನಡೆಯುತ್ತದೆ. ಒಂದೇ ದಿನ ಬಿಡುವಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಇಲ್ಲಿ ಹೆಣ್ಣು ಗಂಡು ಎಂಬ ಬೇರೆ ಬೇರೆ ವಿಭಾಗ ಇಲ್ಲ. ಮಾರ್ಜರಿ ಫಾಸ್ಟರ್ 1930ರಲ್ಲೇ ಈ ಬಹುಮಾನ ಗೆದ್ದ ಮೊದಲ ಮಹಿಳೆ. ಈಗಷ್ಟೇ ಶಾಲೆ ಮುಗಿಸಿದ ಹುಡುಗಿ, ತಲೆ ನರೆತ ಅಜ್ಜ ಇಬ್ಬರೂ ಒಂದೇ ಸಾಲಿನಲ್ಲಿ ಮಲಗಿರುತ್ತಾರೆ. ನನಗೆ ಈ ಆಟದಲ್ಲಿ ತುಂಬ ಹಿಡಿಸುವ ವಿಷಯ ಇದು.

ಎರಡು ದಿನ ಸಿಕ್ಕರೆ ಕಾರ್ಯಕ್ರಮಪಟ್ಟಿಯಲ್ಲಿ ಕೊಲಾಪೋರ್ ಎಂಬ ಹೆಸರು ಹುಡುಕಿ. ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರವೇ ಅದು. ಅಲ್ಲಿನ ಅರಸರ ಕೊಡುಗೆಯಾದ ಬೆಳ್ಳಿ ಕಪ್ಪಿಗಾಗಿ 1871ರಿಂದ ದೇಶ ದೇಶಗಳ ತಂಡಗಳು ಸೆಣಸುತ್ತಿವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೂಡ ಕೊಲ್ಹಾಪುರ ಜಿಲ್ಲೆಯವರೇ.

ತಾರೀಖು ಪ್ರತಿವರ್ಷ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಅಸೋಸಿಯೇಷನ್ನಿನ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಟಿಕೆಟ್ ಮಾಡಿಸಿ. ಪ್ರೇಕ್ಷಕರಿಗೆ ಇರುವ ಸೂಚನೆಗಳನ್ನೂ ಓದಿ.

ಬ್ಯಾಗಿಗೆ ಏನೇನು

ಕಿವಿಗೆ ರಕ್ಷಣೆ, ಇದಿಲ್ಲದೆ ಹೋಗಲೇಬೇಡಿ. ಕೊಡಗಿನಲ್ಲಿ ಕೈಲ್ ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿ ಬೆಳೆದವರು, 'ನಮಗೆ ಈ ಸದ್ದು ಹೊಸದಾ?' ಅನ್ನಬಹುದು. ಆದರೆ ಅಲ್ಲಿ ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಾರೆ. ಇಲ್ಲಿ ಹತ್ತಾರು ರೈಫಲ್‌ಗಳು ಒಂದೇ ಸಾಲಿನಲ್ಲಿ, ಗಂಟೆಗಟ್ಟಲೆ. ಹಾಳಾದ ಕಿವಿ ಮತ್ತೆ ಸರಿಹೋಗುವುದಿಲ್ಲ. ಒಳಗೆ ಸ್ಪಂಜಿನ ಪ್ಲಗ್, ಮೇಲೆ ಇಯರ್ ಮಫ್, ಎರಡೂ ಇರಲಿ. ಮಕ್ಕಳಿಗೆ ಅವರ ತಲೆಯ ಅಳತೆಯದ್ದೇ ತನ್ನಿ. ಕೈಗೂಸುಗಳನ್ನು ಕರೆತರಬೇಡಿ.

ಬೈನಾಕ್ಯುಲರ್ ಇದ್ದರೆ ಬಾವುಟ, ಅಂಕ ಕಾಣುತ್ತವೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್ ಎಂಬ ದುರ್ಬೀನು ಯಾರಿಂದಲಾದರೂ ಕಡ ಸಿಕ್ಕರೆ ಬಿಡಬೇಡಿ. ಮಡಚುವ ಕುರ್ಚಿ, ಟೋಪಿ, ನೀರು, ಮಳೆ ಅಂಗಿ ಜೊತೆಗಿರಲಿ. ಇಂಗ್ಲೆಂಡಿನ ಜುಲೈ ಒಂದೇ ದಿನದಲ್ಲಿ ಎಲ್ಲ ಕಾಲವನ್ನೂ ತೋರಿಸುತ್ತದೆ.

ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬ್ರೂಕ್‌ವುಡ್‌ನಲ್ಲಿ ಇಳಿಯಿರಿ. ಪ್ರಯಾಣ ಮುಕ್ಕಾಲು ಗಂಟೆಗೂ ಕಡಿಮೆ. ಹಿಂದೆ ಅಲ್ಲಿಂದ ಶೂಟಿಂಗ್ ಮೈದಾನಕ್ಕೇ ಪುಟ್ಟ ರೈಲು ಹಳಿ ಇತ್ತು, ಈಗಿಲ್ಲ. ಸಾಮಾನು ಇದ್ದರೆ ಟ್ಯಾಕ್ಸಿ ಹಿಡಿಯಿರಿ.

ಮೈದಾನದಲ್ಲಿ

ಎರಡು ಹೆಸರು ನೆನಪಿಟ್ಟುಕೊಳ್ಳಿ. ಸೆಂಚುರಿ ರೇಂಜ್‌ನಲ್ಲಿ 600 ಗಜದವರೆಗಿನ ಸ್ಪರ್ಧೆ. ಸ್ಟಿಕಲ್‌ಡೌನ್‌ನಲ್ಲಿ ಅದಕ್ಕೂ ದೂರದವು, 1200 ಗಜದವರೆಗೆ. ಫೈನಲ್ ನಡೆಯುವುದು ಸ್ಟಿಕಲ್‌ಡೌನ್‌ನಲ್ಲಿ.

ಕೆಂಪು ಬಾವುಟ ಹಾರುತ್ತಿದ್ದರೆ ಅಲ್ಲಿ ಗುಂಡು ಹಾರುತ್ತಿದೆ ಎಂದರ್ಥ. ಶೂಟರ್‌ಗಳು ಮಲಗಿರುವ ಸಾಲಿಗಿಂತ ಮುಂದೆ ಯಾವ ಕಾರಣಕ್ಕೂ ಕಾಲಿಡಬಾರದು. ಬಿದ್ದ ಟೋಪಿ ಎತ್ತಿಕೊಳ್ಳಲೂ ಹೋಗಬಾರದು. ಮಲಗಿರುವವರ ಹತ್ತಿರ ಮಾತು ಬೇಡ, ಅವರ ಚಾಪೆ ದಾಟಬೇಡಿ, ರೈಫಲ್ ಮುಟ್ಟಬೇಡಿ. ಫೋಟೋ ಬೇಕಾದರೆ ಮೊದಲು ಕೇಳಿ. ಗುಂಡು ಮುಗಿಸಿ ಎದ್ದು ಬಂದ ಮೇಲೆ ಮಾತಾಡಿಸಿದರೆ ಹೆಚ್ಚಿನವರು ಖುಷಿಯಿಂದ ವಿವರಿಸುತ್ತಾರೆ. 'ಈವತ್ತು ಗಾಳಿ ಹೇಗಿತ್ತು?' ಎಂದು ಕೇಳಿದರೆ ಸಾಕು.

ಅಂಕ ಓದುವುದು

ಟಾರ್ಗೆಟ್‌ಗಳ ಬುಡದಲ್ಲಿ ಮಣ್ಣಿನ ದಿಬ್ಬದ ಮರೆಗೆ ಒಂದು ಕಂದಕ ಇದೆ. ಅದಕ್ಕೆ ಬಟ್ಸ್ ಅನ್ನುತ್ತಾರೆ. ಅಲ್ಲಿ ಕೂತವರು ಮಾರ್ಕರ್‌ಗಳು. ಗುಂಡು ಬಿದ್ದ ಕೂಡಲೇ ಟಾರ್ಗೆಟ್ ಕೆಳಗಿಳಿಯುತ್ತದೆ. ಮಾರ್ಕರ್ ಆ ತೂತಿಗೆ ಒಂದು ಬಿಲ್ಲೆ ಸಿಕ್ಕಿಸಿ, ಹಿಂದಿನ ತೂತಿಗೆ ಕಾಗದ ಅಂಟಿಸಿ, ಮತ್ತೆ ಮೇಲೆತ್ತುತ್ತಾರೆ. ಬಿಲ್ಲೆ ಎಲ್ಲಿದೆಯೋ ಗುಂಡು ಬಿದ್ದಿದ್ದು ಅಲ್ಲಿ. ಎಷ್ಟು ಅಂಕ ಅನ್ನೋದನ್ನು ಟಾರ್ಗೆಟ್ಟಿನ ಅಂಚಿನಲ್ಲಿ ಇನ್ನೊಂದು ಗುರುತು ತೋರಿಸುತ್ತದೆ.

ನಡುವಿನ ಬುಲ್‌ಗೆ 5 ಅಂಕ. ಅದರಾಚೆ ಇನ್ನರ್ 4, ಮ್ಯಾಗ್‌ಪೈ 3, ಔಟರ್ 2, ಅಂಚಿಗೆ ಬಿದ್ದರೆ 1. ಬುಲ್‌ನ ಒಳಗೆ ಇನ್ನೊಂದು ಚಿಕ್ಕ ವೃತ್ತ ಇದೆ, ಅದು ವಿ-ಬುಲ್. ಅದಕ್ಕೂ 5 ಅಂಕವೇ, ಆದರೆ ಸಮ ಬಂದಾಗ ವಿ ಜಾಸ್ತಿ ಇದ್ದವರು ಮೇಲೆ. ಅಂಕದ ಹಲಗೆಯ ಮೇಲೆ 74.9 ಎಂದು ಬರೆದಿದ್ದರೆ ದಶಮಾಂಶ ಅಂದುಕೊಳ್ಳಬೇಡಿ. 74 ಅಂಕ, ಅದರಲ್ಲಿ 9 ವಿ-ಬುಲ್ ಎಂದರ್ಥ. 74.10 ಬಂದರೆ ಅದು 74.9ಕ್ಕಿಂತ ಹೆಚ್ಚು. ಲೆಕ್ಕದ ಮೇಷ್ಟ್ರುಗಳಿಗೆ ಸ್ವಲ್ಪ ಕಷ್ಟವಾಗಬಹುದು.

ಒಂದು ಟಾರ್ಗೆಟ್‌ಗೆ ಇಬ್ಬರು ಅಥವಾ ಮೂವರು ಸರದಿಯ ಮೇಲೆ ಹೊಡೆಯುತ್ತಾರೆ. ಒಬ್ಬರ ಅಂಕವನ್ನು ಪಕ್ಕದವರು ಬರೆದುಕೊಳ್ಳುತ್ತಾರೆ. ತನ್ನ ಎದುರಾಳಿಯ ಲೆಕ್ಕವನ್ನು ತಾನೇ ಇಡುವ ಈ ಪದ್ಧತಿ ಇನ್ನೂ ಉಳಿದಿರುವುದು ದೊಡ್ಡ ಸಂಗತಿ, ಅಲ್ವಾ? ಕೆಲವೊಮ್ಮೆ ಯಾರೋ ಅವಸರದಲ್ಲಿ ಪಕ್ಕದ ಟಾರ್ಗೆಟ್‌ಗೆ ಹೊಡೆದುಬಿಡುತ್ತಾರೆ. ನಟ್ಟ ನಡುವೆ ಬಿದ್ದರೂ ಹೊಡೆದವರಿಗೆ ಸೊನ್ನೆ.

ಈಗ ಗಾಳಿ ನೋಡಿ

ಆ ಗುಂಡು 1000 ಗಜ ದಾಟಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟು ಹೊತ್ತೂ ಅಡ್ಡಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಗಂಟೆಗೆ 16 ಕಿ.ಮೀ. ವೇಗದ ಗಾಳಿ, ಅಂದರೆ ಮರದ ಎಲೆಗಳನ್ನು ಅಲುಗಾಡಿಸುವಷ್ಟು ಗಾಳಿ, ಗುಂಡನ್ನು ಎಂಟು ಅಡಿಯಷ್ಟು ಆಚೆ ಒಯ್ಯುತ್ತದೆ. ಬುಲ್‌ನ ಅಗಲವೋ ಎರಡೇ ಅಡಿ. ಗಾಳಿಯ ವೇಗ ಗಂಟೆಗೆ ಬರೀ 3 ಕಿ.ಮೀ. ಬದಲಾದರೂ ಗುಂಡು ಒಂದೂವರೆ ಅಡಿ ಜರುಗಿ, 5 ಹೋಗಿ 4 ಆಗುತ್ತದೆ. ಶನಿವಾರದ ಫೈನಲ್‌ನಲ್ಲಿ ಅಂತಹ ಒಂದು ಅಂಕಕ್ಕೆ ಬಹುಮಾನವೇ ಕೈತಪ್ಪಬಹುದು.

ಹಾಗಾಗಿ ಒಬ್ಬ ಶೂಟರ್ ಆರಿಸಿಕೊಂಡು ಅವರ ಹಿಂದೆ, ಸ್ವಲ್ಪ ದೂರದಲ್ಲಿ ಕೂತುಬಿಡಿ. ರೇಂಜ್ ಉದ್ದಕ್ಕೂ ನೆಟ್ಟಿರುವ ಬಾವುಟಗಳನ್ನು ಮೊದಲು ನೋಡಿ. ಯಾವ ಕಡೆಗೆ ಹಾರುತ್ತಿವೆ, ಕಂಬಕ್ಕೆ ಜೋತಿವೆಯೋ ಸೆಟೆದಿವೆಯೋ? ಹತ್ತಿರದ ಬಾವುಟವೂ ದೂರದ ಬಾವುಟವೂ ಒಂದೇ ಮಾತು ಹೇಳುತ್ತಿವೆಯೇ? ಬಹಳ ಸಲ ಹೇಳುವುದಿಲ್ಲ. ಶೂಟರ್ ಹತ್ತಿರದ ಗಾಳಿಗೆ ತೂಕ ಜಾಸ್ತಿ. ಅಲ್ಲಿ ದಾರಿ ತಪ್ಪಿದ ಗುಂಡು ಮುಂದಿನ ದಾರಿಯುದ್ದಕ್ಕೂ ತಪ್ಪುತ್ತಲೇ ಹೋಗುತ್ತದೆ.

ಬಿಸಿಲಿದ್ದರೆ ಸ್ಕೋಪ್‌ನಲ್ಲಿ ಬಿಸಿಲ್ಗುದುರೆ ಕಾಣುತ್ತದೆ. ಬೇಸಿಗೆಯಲ್ಲಿ ನಮ್ಮ ಡಾಂಬರು ರಸ್ತೆಯ ಮೇಲೆ ನಡುಗುತ್ತದಲ್ಲ, ಅದೇ. ಅದು ನೇರ ಮೇಲಕ್ಕೆ ಕುದಿಯುವಂತೆ ಕಂಡರೆ ಅಡ್ಡಗಾಳಿ ಇಲ್ಲ. ಎಡಕ್ಕೋ ಬಲಕ್ಕೋ ಹರಿದರೆ ಗಾಳಿ ಆ ಕಡೆಗೆ. ಬಾವುಟ ಅಲುಗುವ ಮುಂಚೆಯೇ ಸಣ್ಣ ಬದಲಾವಣೆ ಇದರಲ್ಲಿ ಕಂಡುಬಿಡುತ್ತದೆ.

ಆಮೇಲೆ ಶೂಟರ್‌ನ ಕೈ ನೋಡಿ. ರೈಫಲ್ಲಿನ ಹಿಂದಿನ ಸೈಟ್‌ಗೆ, ಅಂದರೆ ಗುರಿ ನೋಡುವ ಕಿಂಡಿಗೆ, ಒಂದು ತಿರುಪು ಇರುತ್ತದೆ. ಬಾವುಟ ನೋಡಿ, ಅದನ್ನು ಕಟಕಟ ತಿರುಗಿಸಿ, ಮತ್ತೆ ಕೆನ್ನೆಯನ್ನು ರೈಫಲ್ಲಿನ ಹಿಡಿಗೆ ಒತ್ತುತ್ತಾರೆ. ಪ್ರತಿ ಗುಂಡಿಗೂ ಸಿಗುವುದು 45 ಸೆಕೆಂಡು. ಕೆಲವರು ಟಾರ್ಗೆಟ್ ಮೇಲೆ ಬಂದ ತಕ್ಷಣ ಹೊಡೆಯುತ್ತಾರೆ, ಗಾಳಿ ಬದಲಾಗುವ ಮುಂಚೆ. ಇನ್ನು ಕೆಲವರು ಹಿಂದಿನ ಸಲ ಇದ್ದ ಗಾಳಿಯೇ ಮರಳಲಿ ಎಂದು ಕಾಯುತ್ತಾರೆ. ಯಾರು ಯಾವ ಸ್ವಭಾವದವರು ಅನ್ನೋದು ನಾಲ್ಕೈದು ಗುಂಡಿನಲ್ಲೇ ತಿಳಿಯುತ್ತದೆ. ಈಗ ನೀವೂ ಮನಸ್ಸಿನಲ್ಲೇ ಹೇಳಿಕೊಳ್ಳಿ: 'ಬಲದಿಂದ ಬೀಸುವ ಗಾಳಿ ಜಾಸ್ತಿಯಾಯಿತು, ತಿರುಪು ತಿರುಗಿಸದೆ ಹೊಡೆದರೆ ಎಡಕ್ಕೆ ಹೋಗುತ್ತದೆ.' ಬಿಲ್ಲೆ ಎಡದಲ್ಲಿ ಕಂಡಾಗ ಆಗುವ ಖುಷಿಯೇ ಬೇರೆ!

ತಂಡಗಳ ಪಂದ್ಯದಲ್ಲಿ ಇದು ಇನ್ನೂ ಸುಲಭ. ಗಾಳಿ ಲೆಕ್ಕ ಹಾಕಲು ಕೋಚ್ ಬೇರೆ ಇರುತ್ತಾರೆ. ಶೂಟರ್ ಅವರು ಹೇಳಿದ್ದನ್ನು ಕೇಳಿ ಹೊಡೆದರೆ ಸರಿ. ಕೋಚ್ ಎಷ್ಟು ಮಿನಿಟ್ ಅನ್ನುತ್ತಾರೆ ಕೇಳಿಸಿಕೊಳ್ಳಿ. ಇದು ಸಮಯದ ಮಿನಿಟ್ ಅಲ್ಲ, ಕೋನದ ಅಳತೆ. ಒಂದು ಮಿನಿಟ್ ಅಂದರೆ 1000 ಗಜದಲ್ಲಿ ಸುಮಾರು ಹತ್ತು ಇಂಚು. ಕೊಲಾಪೋರ್ ನೋಡಿ ಎಂದಿದ್ದು ಇದಕ್ಕೂ ಸೇರಿಸಿಯೇ. ಅಲ್ಲಿ ಒಂದು ಗಂಟೆ ಕೂತವರಿಗೆ ಶನಿವಾರದ ಫೈನಲ್ ಪೂರ್ತಿ ಅರ್ಥವಾಗುತ್ತದೆ.

ಫೈನಲ್ ಹೊತ್ತಿಗೆ

ಎರಡನೇ ಸುತ್ತಿನ ಅಂಕ ಫೈನಲ್‌ಗೂ ಸೇರುತ್ತದೆ. ಒಟ್ಟು 300 ಅಂಕಕ್ಕೆ ಲೆಕ್ಕ. 900 ಗಜ ಮುಗಿದಾಗ ಯಾರು ಮುಂದಿದ್ದಾರೆ ಎಂದು ವಿಚಾರಿಸಿಕೊಂಡು, 1000 ಗಜಕ್ಕೆ ಅವರಲ್ಲೊಬ್ಬರ ಹಿಂದೆ ಜಾಗ ಹಿಡಿಯಿರಿ. ತಡ ಮಾಡಿದರೆ ಜಾಗ ಸಿಗುವುದಿಲ್ಲ. ಅಂಕವೂ ವಿ-ಬುಲ್ಲೂ ಸಮವಾದರೆ ಮತ್ತೆ ಹೊಡೆಸುತ್ತಾರೆ, ಆಗಂತೂ ಎಲ್ಲರೂ ಬಂದು ಸುತ್ತ ನಿಲ್ಲುತ್ತಾರೆ.

ಗೆದ್ದವರನ್ನು ಕುರ್ಚಿಯಲ್ಲಿ ಕೂರಿಸಿ, ಬ್ಯಾಂಡು ಬಾರಿಸುತ್ತಾ ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ಹಳೆಯ ಮರದ ಕ್ಲಬ್ ಮನೆಗಳ ಮುಂದೆ ಮೆರವಣಿಗೆ ಸಾಗುತ್ತದೆ. ಹೊರುವವರಲ್ಲಿ ಅವರ ಜೊತೆ ಸೆಣಸಿ ಸೋತವರೂ ಇರುತ್ತಾರೆ. ಬಹುಮಾನದ ಹಣ 1860ರಲ್ಲಿ 250 ಪೌಂಡ್ ಇತ್ತು, ಈಗಲೂ ಅಷ್ಟೇ. ಹಣಕ್ಕಾಗಿ ಯಾರೂ ಇಲ್ಲಿಗೆ ಬರುವುದಿಲ್ಲ. ರೈಲಿನ ಸಮಯ ನೋಡಿಕೊಂಡು ಮೆರವಣಿಗೆ ಮುಗಿಯುವವರೆಗೆ ಇದ್ದು ಹೊರಡಿ.

ನೋಡಿ ಬಂದ ಮೇಲೆ ತಾನೂ ಹೊಡೆಯಬೇಕು ಅನ್ನಿಸಿದರೆ, ಅಲ್ಲಿ ನೆಲೆಸಿರುವವರು ಹತ್ತಿರದ ರೈಫಲ್ ಕ್ಲಬ್ಬಿನಲ್ಲಿ ಅತಿಥಿ ದಿನ ಯಾವಾಗ ಎಂದು ವಿಚಾರಿಸಬಹುದು. ನಮ್ಮ ಊರಿನ ಬಂದೂಕು ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ನೆಲದ ಮೇಲೆ ಹೊಳೆಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಕಂಡರೆ ಮಕ್ಕಳಿಗೆ ಆಸೆಯಾಗುತ್ತದೆ. ಅವು ಶೂಟರ್‌ಗಳ ಸ್ವತ್ತು, ಎಷ್ಟೋ ಜನ ಮತ್ತೆ ತುಂಬಿಸಿ ಬಳಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಒಂದು ಖಾಲಿ ತೋಟಾ ಬ್ಯಾಗಿನಲ್ಲಿ ಉಳಿದರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ದೊಡ್ಡ ತೊಂದರೆಗೆ ಸಿಕ್ಕಿಬೀಳುತ್ತೀರಿ. ಮೈದಾನ ಬಿಡುವ ಮುಂಚೆ ಮಕ್ಕಳ ಜೇಬು, ನಿಮ್ಮ ಬ್ಯಾಗಿನ ಮೂಲೆ, ಕುರ್ಚಿಯ ಚೀಲ ಎಲ್ಲವನ್ನೂ ಒಮ್ಮೆ ಕೊಡವಿ ನೋಡಿ.