ಬ್ರಿಟನ್ನಿನಲ್ಲಿ ತಪ್ಪಿಹೋದ ನರ್ಸಿಂಗ್ ನೋಂದಣಿ: ವಾಪಸ್ ಪಡೆಯುವುದು ಹೇಗೆ?

ತಿಂಗಳಲ್ಲಿ ಒಂದೆರಡು ಭಾನುವಾರ, ನರ್ಸಿಂಗ್ ಪರೀಕ್ಷೆಯ ಅಭ್ಯಾಸಕ್ಕೆ ನಮ್ಮ ಮನೆಯ ಸೋಫಾ ಆಸ್ಪತ್ರೆಯ ಮಂಚ ಆಗುತ್ತದೆ. ರೋಗಿ ನನ್ನ ಗಂಡ. ಎರಡು ಗಂಟೆ ಅಲ್ಲಾಡದೆ ಮಲಗಿದ್ದಕ್ಕೆ ಅವರ ಸಂಬಳ ಒಂದು ತಟ್ಟೆ ನೀರುದೋಸೆ. ನರ್ಸ್ ಆಗಿ ಎದುರು ನಿಲ್ಲುವವರು ಮಂಗಳೂರು, ಉಡುಪಿ, ಶಿವಮೊಗ್ಗ ಕಡೆಯ ಹೆಣ್ಣುಮಕ್ಕಳು. ಇಂಗ್ಲೆಂಡಿಗೆ ಬಂದು ನಾಲ್ಕೈದು ವರ್ಷ ವಾರ್ಡಿನಲ್ಲಿ ದುಡಿದವರು. ಆಮೇಲೆ ಹೆರಿಗೆ, ಮಕ್ಕಳು, ಊರಲ್ಲಿ ಅತ್ತೆಗೆ ಹುಷಾರಿಲ್ಲ ಅಂತ ಕೆಲಸ ಬಿಟ್ಟರು. ಶುಲ್ಕ ಕಟ್ಟಲಿಲ್ಲ, ನೋಂದಣಿ ತಪ್ಪಿಹೋಯಿತು. ಈಗ ಚಿಕ್ಕವನೂ ಶಾಲೆಗೆ ಹೋಗುತ್ತಿದ್ದಾನೆ, ಮತ್ತೆ ಡ್ಯೂಟಿಗೆ ಹೋಗುವ ಆಸೆ.

ಎಲ್ಲರೂ ಮೊದಲು ಹೇಳುವ ಮಾತು ಒಂದೇ: 'ಕೆಲಸ ಏನೂ ಮರೆತಿಲ್ಲ ಅಕ್ಕ.' ನಿಜ, ಮರೆತಿರುವುದಿಲ್ಲ. ಆದರೆ ಕೈಗೆ ಗೊತ್ತಿದ್ದರೆ ಇಲ್ಲಿ ಸಾಲದು. ಬಾಯಲ್ಲಿ ಹೇಳಬೇಕು, ಕಾಗದದ ಮೇಲೆ ತೋರಿಸಬೇಕು. ನಮ್ಮವರು ಎಡವುವುದು ಅಲ್ಲೇ.

ಮೊದಲು ಪಟ್ಟಿಯಲ್ಲಿ ಹೆಸರು ನೋಡಿ

ಬ್ರಿಟನ್ನಿನಲ್ಲಿ ನರ್ಸುಗಳ ಪಟ್ಟಿ ಇಟ್ಟುಕೊಂಡಿರುವುದು ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್. ಎಲ್ಲರ ಬಾಯಲ್ಲೂ ಅದು ಎನ್‌ಎಂಸಿ. ಅವರ ವೆಬ್‌ಸೈಟಿನಲ್ಲಿ ಪಿನ್ (ಅವರು ಕೊಟ್ಟ ನೋಂದಣಿ ಸಂಖ್ಯೆ) ಅಥವಾ ಹೆಸರು ಹಾಕಿದರೆ ಒಂದು ನಿಮಿಷದ ಕೆಲಸ. ಹೆಸರು ಸಿಗಲಿಲ್ಲವೋ, ಅಂದಿನಿಂದ ನಿಮ್ಮನ್ನು ನೀವು ರಿಜಿಸ್ಟರ್ಡ್ ನರ್ಸ್ ಎಂದು ಹೇಳಿಕೊಳ್ಳುವ ಹಾಗಿಲ್ಲ, ಅದು ಅಪರಾಧ. 'ಅರ್ಜಿ ಹಾಕಿದ್ದೇನೆ, ಅಷ್ಟರಲ್ಲಿ ಎರಡು ಶಿಫ್ಟ್ ಮಾಡಿಬಿಡ್ತೇನೆ' ಅನ್ನುವ ಯೋಚನೆಯನ್ನೂ ಮಾಡಬೇಡಿ.

ಗಂಟೆಗಳ ಲೆಕ್ಕ

ಹಿಂದಿನ 3 ವರ್ಷದಲ್ಲಿ 450 ಗಂಟೆ ಅಥವಾ ಹಿಂದಿನ 5 ವರ್ಷದಲ್ಲಿ 750 ಗಂಟೆ ನರ್ಸ್ ಆಗಿ ಕೆಲಸ ಮಾಡಿದ್ದೀರಾ? ಜೊತೆಗೆ 35 ಗಂಟೆಯ ಕಲಿಕೆಯ ದಾಖಲೆ ಇದೆಯಾ? ಹಾಗಿದ್ದರೆ ಪರೀಕ್ಷೆಯ ತಲೆನೋವೇ ಇಲ್ಲ, ಅರ್ಜಿ ತುಂಬಿ ಶುಲ್ಕ ಕಟ್ಟಿ. 450 ಗಂಟೆ ಅಂದರೆ ಜಾಸ್ತಿ ಏನಲ್ಲ. ವಾರಕ್ಕೆ 37.5 ಗಂಟೆಯ ಡ್ಯೂಟಿ ಆದರೆ 12 ವಾರ.

ಇಲ್ಲಿ ಎರಡು ತಪ್ಪು ಲೆಕ್ಕ ಪದೇ ಪದೇ ನೋಡುತ್ತೇನೆ. ಒಂದು, ನೋಂದಣಿ ಹೋದ ಮೇಲೆ ಕೇರ್ ಹೋಮಿನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿ ದುಡಿದ ಗಂಟೆಗಳನ್ನು ಸೇರಿಸುವುದು. ಎರಡು ವರ್ಷ ಬೆನ್ನು ಮುರಿದು ದುಡಿದಿರಬಹುದು, ಆದರೂ ಒಂದು ಗಂಟೆಯೂ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಇದರ ಉಲ್ಟಾ. ಊರಿಗೆ ಹೋಗಿದ್ದಾಗ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಸ್ಟಾಫ್ ನರ್ಸ್ ಆಗಿದ್ದ ಗಂಟೆಗಳನ್ನು ಬಿಟ್ಟೇಬಿಡುವುದು. ಆಗ ನಿಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದ್ದರೆ ಆ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಬ್ರಿಟನ್ ಪಿನ್ ಸಿಕ್ಕಿತು ಅಂತ ಊರಿನ ನೋಂದಣಿಯನ್ನು ಒಣಗಲು ಬಿಡಬೇಡಿ. ಮತ್ತೆ, ಆಸ್ಪತ್ರೆ ಬಿಡುವ ದಿನವೇ ಅನುಭವ ಪತ್ರದಲ್ಲಿ ತಾರೀಕು, ವಾರದ ಗಂಟೆ, ಹುದ್ದೆ ಮೂರನ್ನೂ ಬರೆಸಿಕೊಳ್ಳಿ. ಮೂರು ವರ್ಷ ಬಿಟ್ಟು ಕೇಳಿದರೆ ಸಹಿ ಹಾಕುವವರೇ ಬದಲಾಗಿರುತ್ತಾರೆ. ನನಗೇ ಆಗಿದೆ. ಹಳೆಯ ಆಸ್ಪತ್ರೆಯೊಂದರ ಎಚ್‌ಆರ್ ಮೇಜಿನ ಎದುರು ನಾಲ್ಕು ದಿನ ಕೂತು ಎದ್ದಿದ್ದೇನೆ.

ಗಂಟೆ ಸಾಲದಿದ್ದರೆ ಎರಡು ದಾರಿ

ಒಂದು, ರಿಟರ್ನ್ ಟು ಪ್ರಾಕ್ಟೀಸ್ ಕೋರ್ಸ್. ಯೂನಿವರ್ಸಿಟಿಯಲ್ಲಿ ಪಾಠ, ವಾರ್ಡಿನಲ್ಲಿ ಪ್ಲೇಸ್‌ಮೆಂಟ್. ಇನ್ನೊಂದು, ಟೆಸ್ಟ್ ಆಫ್ ಕಾಂಪಿಟೆನ್ಸ್. ಅದರಲ್ಲಿ ಕಂಪ್ಯೂಟರ್ ಪರೀಕ್ಷೆ ಸಿಬಿಟಿ, ಪ್ರಾಯೋಗಿಕ ಪರೀಕ್ಷೆ ಓಸ್ಕಿ, ಹೀಗೆ ಎರಡು ಭಾಗ. ವಿದೇಶದಿಂದ ಹೊಸದಾಗಿ ಬರುವವರೂ ಇದೇ ಪರೀಕ್ಷೆ ಬರೆಯುತ್ತಾರೆ.

ನನ್ನ ಕೇಳಿದರೆ, ವಾರ್ಡು ಬಿಟ್ಟು ಐದು ವರ್ಷ ದಾಟಿದ್ದರೆ ಕಣ್ಣು ಮುಚ್ಚಿ ಕೋರ್ಸಿಗೆ ಸೇರಿ. ಪ್ಲೇಸ್‌ಮೆಂಟಿನಲ್ಲಿ ನಿಮ್ಮನ್ನು ವಾರ್ಡಿನ ಆಳುಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಕಲಿಯಲು ಬಂದವರಾಗಿಯೇ ಇರುತ್ತೀರಿ. ತಪ್ಪು ಮಾಡಿ ತಿದ್ದಿಕೊಳ್ಳಲು ಅಷ್ಟು ಸಮಾಧಾನದ ಜಾಗ ಇನ್ನೆಲ್ಲೂ ಸಿಗದು. ಶುಲ್ಕ ಭರಿಸುವ ಸರ್ಕಾರಿ ನೆರವು ಇದೆಯಾ ಅಂತ ಸೇರುವ ಮೊದಲೇ ಕೇಳಿ, ನಾಚಿಕೆ ಬೇಡ. ಆದರೆ ನಮ್ಮವರು ಆರಿಸುವುದು ಪರೀಕ್ಷೆಯನ್ನೇ. ಬೇಗ ಮುಗಿಯುತ್ತದೆ ಅಂತ. ಸರಿ, ಹಾಗಾದರೆ ಪರೀಕ್ಷೆಯ ಕಡೆಗೇ ಬರೋಣ.

ಸಿಬಿಟಿ

ಮೊದಲ ಭಾಗ 15 ಲೆಕ್ಕ, ಎರಡನೇ ಭಾಗ 100 ಪ್ರಶ್ನೆ. ಓದಿದರೆ ಆಗುತ್ತದೆ. ಒಂದೇ ಎಚ್ಚರಿಕೆ, ಇಲ್ಲಿ ಸಕ್ಕರೆ ಅಳೆಯುವುದು ಮಿಲಿಮೋಲ್‌ನಲ್ಲಿ. 18ರಿಂದ ಗುಣಿಸಿದರೆ ನಮ್ಮ ಊರಿನ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. 4 ಅಂದರೆ 72. ಊರಲ್ಲಿ ಎರಡು ವರ್ಷ ಇದ್ದು ಬಂದವರಿಗೆ '3.2' ಅಂತ ಕಂಡಾಗ ಗಾಬರಿ ಆಗುವುದೇ ಇಲ್ಲ. ಆಗಬೇಕು, ಸಕ್ಕರೆ ತೀರಾ ಇಳಿದಿದೆ!

ವಾಟ್ಸಾಪ್‌ನಲ್ಲಿ ಓಡಾಡುವ 'ಹಿಂದಿನ ಪ್ರಶ್ನೆಗಳು' ಪಿಡಿಎಫ್‌ಗೆ ದುಡ್ಡು ಕೊಡಬೇಡಿ. ಅದರ ಉತ್ತರಗಳಲ್ಲೇ ತಪ್ಪಿರುತ್ತದೆ. 2023ರಲ್ಲಿ ನೈಜೀರಿಯಾದ ಇಬಾಡಾನ್‌ನ ಒಂದು ಕೇಂದ್ರದಲ್ಲಿ ಸಿಬಿಟಿ ಮೋಸ ನಡೆದದ್ದು ಹೊರಬಿತ್ತು. ಆ ಮೇಲೆ ಎನ್‌ಎಂಸಿ ಈ ವಿಷಯದಲ್ಲಿ ಸುಮ್ಮನೆ ಬಿಡುವುದಿಲ್ಲ.

ಓಸ್ಕಿ: ನಿಧಾನವಾಗಿ ಓದಿ

ಒಟ್ಟು 10 ಸ್ಟೇಷನ್, ಅಂದರೆ ಒಂದೊಂದು ಕೆಲಸ ಮಾಡಿ ತೋರಿಸುವ ಹಂತ. ನಾಲ್ಕು ಒಬ್ಬನೇ ರೋಗಿಯ ಸುತ್ತ ಹೆಣೆದದ್ದು: ತಪಾಸಣೆ, ಯೋಜನೆ, ಔಷಧ ಕೊಡುವುದು, ಕೊನೆಗೆ ಹಸ್ತಾಂತರದ ವರದಿ. ನಾಲ್ಕು ಕೈಕೆಲಸದವು. ಇನ್ನೆರಡರಲ್ಲಿ ಮಾತಿಲ್ಲ, ಕೂತು ಬರೆಯುವುದು. ಪೂರ್ತಿ ಪರೀಕ್ಷೆಗೆ ಶುಲ್ಕ 794 ಪೌಂಡ್. 7 ಅಥವಾ ಕಡಿಮೆ ಸ್ಟೇಷನ್‌ನಲ್ಲಿ ಫೇಲ್ ಆದರೆ ಅಷ್ಟನ್ನೇ ಮತ್ತೆ ಮಾಡಬಹುದು, 397 ಪೌಂಡ್. ಒಂದು ಅರ್ಜಿಗೆ ಮೂರು ಅವಕಾಶ.

ಇನ್ನು ಸೋಫಾದ ಹತ್ತಿರ ಬನ್ನಿ.

ಬರುವಾಗಲೇ ಬಳೆ ತೆಗೆದಿಡಿ. ಮೊಣಕೈಯಿಂದ ಕೆಳಗೆ ಬರಿಗೈ ಇರಬೇಕು, ಸಾದಾ ಮದುವೆ ಉಂಗುರ ಒಂದು ಬಿಟ್ಟು. ವಾಚ್ ಇಲ್ಲ, ಉಗುರುಬಣ್ಣ ಇಲ್ಲ, ದೇವಸ್ಥಾನದ ದಾರವೂ ಇಲ್ಲ. ಸೀಮಂತದಲ್ಲಿ ತೊಟ್ಟ ಹಸಿರು ಬಳೆಯನ್ನು ಪರೀಕ್ಷೆಯ ಬೆಳಿಗ್ಗೆ ಹೋಟೆಲಿನ ಬಾತ್‌ರೂಮಿನಲ್ಲಿ ಸೋಪು ಹಚ್ಚಿ ಎಳೆದು, ಕೈ ಗೀರಿಕೊಂಡು ಪರೀಕ್ಷೆಗೆ ಹೋದವರು ನನಗೆ ಗೊತ್ತು. ಎದೆಗೆ ಸಿಕ್ಕಿಸುವ ವಾಚ್ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಮೂರು ಪೌಂಡಿಗೆ ಸಿಗುವ ರಬ್ಬರ್ ವಾಚ್ ಬೇಡ, ಅದರ ಸೆಕೆಂಡ್ ಮುಳ್ಳು ಬೇಕಾದಾಗಲೇ ನಿಲ್ಲುತ್ತದೆ.

ಆ ಮುಳ್ಳು ಯಾಕೆ ಮುಖ್ಯ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ರೋಗಿಯ ಸ್ಥಿತಿಗೆ ಅಂಕ ಕೊಡಲು ಇಲ್ಲಿ ನ್ಯೂಸ್-2 ಚಾರ್ಟ್ ಬಳಸುತ್ತಾರೆ. ಬಂದದ್ದು 2017ರ ಕೊನೆಗೆ. ಅದಕ್ಕೂ ಮೊದಲು ಕೆಲಸ ಬಿಟ್ಟವರು ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತಾರೆ. ನನ್ನ ಗಂಡನ ಸುಳ್ಳು ಕಾಯಿಲೆಯ ಅಂಕಿಗಳು ಹೀಗಿವೆ: ಆಮ್ಲಜನಕ 94, ಒಂದು ಅಂಕ. ಮೇಲಿನ ಬಿಪಿ 108, ಒಂದು ಅಂಕ. ನಾಡಿ 112, ಎರಡು. ಜ್ವರ 38.4, ಒಂದು. ಎಚ್ಚರವಾಗಿದ್ದಾರೆ, ಸೊನ್ನೆ. ಇಲ್ಲಿಗೆ ಐದು. ಉಳಿದದ್ದು ಉಸಿರು. ನಮ್ಮ ಹುಡುಗಿ 15 ಸೆಕೆಂಡ್ ಎಣಿಸಿದಳು, 5 ಸಿಕ್ಕಿತು, ನಾಲ್ಕರಿಂದ ಗುಣಿಸಿ 20 ಬರೆದಳು. 20ಕ್ಕೆ ಅಂಕ ಸೊನ್ನೆ. ಒಟ್ಟು 5. ಪೂರ್ತಿ ಒಂದು ನಿಮಿಷ ಎಣಿಸಿದ್ದರೆ 22 ಸಿಗುತ್ತಿತ್ತು. 22ಕ್ಕೆ ಎರಡು ಅಂಕ. ಒಟ್ಟು 7. ಐದಾದರೆ ಬೇಗ ಬಂದು ನೋಡಿ ಅಂತ ಡಾಕ್ಟರಿಗೆ ಹೇಳಿ, ಕಡಿಮೆ ಅಂದರೂ ಗಂಟೆಗೊಮ್ಮೆ ಅಳೆಯಬೇಕು. ಏಳಾದರೆ ಅದು ತುರ್ತು ಪರಿಸ್ಥಿತಿ, ರೋಗಿಯ ಪಕ್ಕದಿಂದ ಕದಲುವ ಹಾಗಿಲ್ಲ. 45 ಸೆಕೆಂಡ್ ಉಳಿಸಲು ಹೋಗಿ ಇಷ್ಟು ವ್ಯತ್ಯಾಸ!

ಎಣಿಸುವಾಗ 'ಉಸಿರು ಎಣಿಸ್ತಾ ಇದ್ದೇನೆ' ಅಂತ ರೋಗಿಗೆ ಹೇಳಬೇಡಿ, ಉಸಿರಿನ ಲಯವೇ ಬದಲಾಗುತ್ತದೆ. ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಅನ್ನುವ ನನ್ನ ಪಾಠಕ್ಕೆ ಇದೊಂದೇ ವಿನಾಯಿತಿ. ಇನ್ನೊಂದು, ನ್ಯೂಸ್-2ರಲ್ಲಿ ರೋಗಿಗೆ ಹೊಸದಾಗಿ ಶುರುವಾದ ಗೊಂದಲಕ್ಕೆ ಮೂರು ಅಂಕ. ರೋಗಿ ಇವತ್ತು ಯಾವ ವಾರ ಅಂತ ತಪ್ಪು ಹೇಳಿದರೆ 'ಪಾಪ, ವಯಸ್ಸಾಯ್ತು' ಅಂತ ಬಿಡಬೇಡಿ. ಮೊದಲು ಹೀಗೆ ಇದ್ದರಾ ಅಂತ ಕೇಳಿ.

ಮುಂದೆ ಔಷಧದ ಸ್ಟೇಷನ್. ನಮ್ಮವರು ಫೇಲ್ ಆಗಿ ಅಳುವುದು ಇಲ್ಲೇ. ಊರಲ್ಲಿ ನಮ್ಮ ರೂಢಿ ಹೇಗೆ? ಕೇಸ್ ಶೀಟ್ ಮೇಲೆ ಕಣ್ಣಾಡಿಸುತ್ತೇವೆ, ಮಾತ್ರೆ ಬಿಡಿಸುತ್ತೇವೆ, 'ಬಾಯಿ ತೆರೀರಿ ಅಜ್ಜಿ' ಅನ್ನುತ್ತೇವೆ. ಎಲ್ಲ ಮನಸ್ಸಲ್ಲೇ ಪರಿಶೀಲನೆ ಆಗಿರುತ್ತದೆ. ಆದರೆ ಪರೀಕ್ಷಕರಿಗೆ ನಿಮ್ಮ ಮನಸ್ಸು ಕಾಣುತ್ತದಾ? ಅದಕ್ಕೆ ಹೀಗೆ ಮಾಡಿ. ಹೆಸರು ಮತ್ತು ಹುಟ್ಟಿದ ತಾರೀಕು ರೋಗಿಯ ಬಾಯಿಂದಲೇ ಹೇಳಿಸಿ. 'ನೀವು ಸ್ಮಿತ್ ಅಲ್ವಾ?' ಅಂತ ಕೇಳಿದರೆ ಯಾರಾದರೂ ಹೂಂ ಅಂದುಬಿಡುತ್ತಾರೆ. ಅದನ್ನು ಕೈಪಟ್ಟಿಗೆ ಹೋಲಿಸಿ, ಕೈಪಟ್ಟಿಯನ್ನು ಔಷಧದ ಚಾರ್ಟಿಗೆ ಹೋಲಿಸಿ. ಅಲರ್ಜಿ ಇದೆಯಾ ಅಂತ ಕೇಳಿ, ಚಾರ್ಟಿನಲ್ಲೂ ನೋಡಿ, ಎರಡನ್ನೂ ಜೋರಾಗಿ ಹೇಳಿ. ಆಮೇಲೆ ಔಷಧ, ಪ್ರಮಾಣ, ಕೊಡುವ ದಾರಿ (ಬಾಯಿಯೋ, ಇಂಜೆಕ್ಷನ್ನೋ), ಸಮಯ, ಡಾಕ್ಟರ ಸಹಿ, ಅವಧಿ ಮುಗಿಯುವ ತಾರೀಕು. ಪ್ಯಾರಾಸಿಟಮಾಲ್ ಇದ್ದರೆ ಹಿಂದಿನ ಡೋಸ್ ಎಷ್ಟು ಹೊತ್ತಿಗೆ ಕೊಟ್ಟದ್ದು ನೋಡಿ. ನಾಲ್ಕು ಗಂಟೆ ಆಗಿರದಿದ್ದರೆ ಕೊಡುವ ಹಾಗಿಲ್ಲ.

ಕೊಡದ ಔಷಧಕ್ಕೂ ಬರವಣಿಗೆ ಉಂಟು. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಮಾಕ್ಸಿಸಿಲಿನ್ ಬರೆದಿದ್ದಾರೆ ಅಂದುಕೊಳ್ಳಿ. ಕೊಡದೆ ಇದ್ದರೆ ಅರ್ಧ ಕೆಲಸ ಮಾತ್ರ. ಯಾಕೆ ಕೊಡಲಿಲ್ಲ ಅನ್ನುವ ಕೋಡ್ ಚಾರ್ಟಿನಲ್ಲಿ ಹಾಕಿ, ಸಹಿ ಮಾಡಿ, ಡಾಕ್ಟರಿಗೆ ತಿಳಿಸುತ್ತೇನೆ ಅಂತ ಬಾಯಲ್ಲೂ ಹೇಳಿ. ಖಾಲಿ ಬಿಟ್ಟ ಚೌಕ ಅಂದರೆ ಮರೆತಿದ್ದಾರೆ ಅಂತಲೇ ಅರ್ಥ. ಬರೆದದ್ದು ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಹಾಕಿ, ಗೀಚಬೇಡಿ. ಮೈಕ್ರೋಗ್ರಾಂ ಅನ್ನುವುದನ್ನು ಪೂರ್ತಿ ಬರೆಯಿರಿ, ಚುಟುಕು ಮಾಡಬೇಡಿ.

ಕೈಕೆಲಸದ ಸ್ಟೇಷನ್‌ಗಳಲ್ಲಿ ನಮ್ಮವರ ಕೈ ಚುರುಕು. ಆ ಚುರುಕೇ ಶತ್ರು. ಇಂಜೆಕ್ಷನ್ ಕೊಟ್ಟ ಮೇಲೆ ಸೂಜಿಗೆ ಮುಚ್ಚಳ ಹಾಕುವ ಹಳೆಯ ರೂಢಿ ಬೆರಳಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಅದು ದೊಡ್ಡ ತಪ್ಪು. ಸೂಜಿಯ ಡಬ್ಬ ಪಕ್ಕದಲ್ಲೇ ಇರಬೇಕು, ಸಿರಿಂಜ್ ಸಮೇತ ನೇರ ಅದರೊಳಗೆ. ಇದನ್ನು ಬಿಡಿಸಲು ನಾನು ಪೆನ್ ಕೊಟ್ಟು ಅಭ್ಯಾಸ ಮಾಡಿಸುತ್ತೇನೆ. ಬರೆದ ಮೇಲೆ ಕ್ಯಾಪ್ ಹಾಕದೆ ಲೋಟಕ್ಕೆ ಹಾಕುವುದು. ಐವತ್ತು ಸಲ. ನಗಬೇಡಿ, ಕೆಲಸ ಮಾಡುತ್ತದೆ.

ಹೃದಯ ನಿಂತವರ ಸ್ಟೇಷನ್ ಬಂದರೆ ಊರಿನ ಆಸ್ಪತ್ರೆಗಳ ಹಾಗೆ 'ಕೋಡ್ ಬ್ಲೂ' ಅಂತ ಕೂಗಬೇಡಿ. ಸಹಾಯಕ್ಕೆ ಬಂದವರಿಗೆ, ಆಸ್ಪತ್ರೆಯೊಳಗಿನ ತುರ್ತು ನಂಬರ್ 2222ಕ್ಕೆ ಫೋನ್ ಮಾಡಿ 'ದೊಡ್ಡವರ ಕಾರ್ಡಿಯಾಕ್ ಅರೆಸ್ಟ್, ಇಂಥ ವಾರ್ಡ್' ಅನ್ನಲು ತಿಳಿಸಿ. ಎದೆಗೆ 30 ಒತ್ತು, ಆಮೇಲೆ 2 ಉಸಿರು ಕೊಡುವುದು. ನಿಮಿಷಕ್ಕೆ 100ರಿಂದ 120ರ ವೇಗ, 5ರಿಂದ 6 ಸೆಂಟಿಮೀಟರ್ ಆಳ.

ಬರೆಯುವ ಸ್ಟೇಷನ್‌ಗಳಿಗೆ ಎನ್‌ಎಂಸಿಯ ಕೋಡ್, ಅಂದರೆ ನರ್ಸುಗಳ ನಡವಳಿಕೆಯ ನಿಯಮಾವಳಿ, ಓದಿಕೊಳ್ಳಿ, ಸಾಕು.

ಕೋಚಿಂಗ್ ಬೇಕಾ? ದುಡ್ಡು ಜಾಸ್ತಿ ಇದ್ದರೆ ಹೋಗಿ. 'ಪಾಸ್ ಗ್ಯಾರಂಟಿ' ಅಂತ ಬೋರ್ಡ್ ಹಾಕಿದವರ ಕಡೆಗಂತೂ ಹೋಗಬೇಡಿ. ಪರೀಕ್ಷಾ ಕೇಂದ್ರಗಳು ಅಂಕ ಕೊಡುವ ಪಟ್ಟಿಯನ್ನೇ ಪುಕ್ಕಟೆ ಹಾಕಿರುತ್ತವೆ. ಅದನ್ನು ಪ್ರಿಂಟ್ ತೆಗೆದು ಗೆಳತಿಯ ಕೈಗೆ ಕೊಡಿ, ಹೇಳದೆ ಬಿಟ್ಟ ಪ್ರತಿ ಸಾಲಿಗೂ ಅವಳು ಕೆಂಪು ಗುರುತು ಹಾಕಲಿ.

ಪಿನ್ ಬಂದ ಮೇಲೆ

ಮೂರು ವರ್ಷಕ್ಕೊಮ್ಮೆ ರೀವ್ಯಾಲಿಡೇಷನ್, ಅಂದರೆ ನೋಂದಣಿಯ ನವೀಕರಣ, ಉಂಟು. 450 ಗಂಟೆ ಕೆಲಸ, 35 ಗಂಟೆ ಕಲಿಕೆ, ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದು. ಬೆಂಕಿ ಆರಿಸುವ ತರಬೇತಿಯನ್ನು ಇದರಲ್ಲಿ ಸೇರಿಸುವ ಹಾಗಿಲ್ಲ. ಜೊತೆಗೆ ನಿಮ್ಮ ಕೆಲಸದ ಬಗ್ಗೆ 5 ಅಭಿಪ್ರಾಯ, ನೀವೇ ಬರೆದ 5 ಅವಲೋಕನ, ಅವುಗಳ ಬಗ್ಗೆ ಇನ್ನೊಬ್ಬ ನೋಂದಾಯಿತ ನರ್ಸ್ ಜೊತೆ ಮಾತುಕತೆ.

ಅವಲೋಕನ ಅಂದಾಕ್ಷಣ ನಮ್ಮವರು ಪಠ್ಯಪುಸ್ತಕ ಬರೆಯುತ್ತಾರೆ. 'ಬೆಡ್‌ಸೋರ್ ಎಂದರೆ...' ಅಂತ ಶುರು. ಯಾರೂ ಅದನ್ನು ಕೇಳಿಲ್ಲ. ಏನಾಯಿತು, ಏನು ಕಲಿತೆ, ಆಮೇಲೆ ಏನು ಬದಲಾಯಿಸಿದೆ, ಕೋಡ್‌ನ ಯಾವ ಭಾಗಕ್ಕೆ ಸಂಬಂಧ, ಇಷ್ಟೇ. 'ಉಸಿರನ್ನು 15 ಸೆಕೆಂಡ್ ಎಣಿಸುತ್ತಿದ್ದೆ, ಈಗ ಪೂರ್ತಿ ನಿಮಿಷ ಎಣಿಸುತ್ತೇನೆ' ಅನ್ನುವುದೇ ಒಳ್ಳೆಯ ಅವಲೋಕನ. ರೋಗಿಯ ಹೆಸರು, ಬೆಡ್ ನಂಬರ್ ಮಾತ್ರ ಬರೆಯಬೇಡಿ. ಯಾರೆಂದು ಗೊತ್ತಾಗುವ ಒಂದು ಗುರುತೂ ಇರಬಾರದು.

ಇನ್ನು ಶುಲ್ಕ. ಡೈರೆಕ್ಟ್ ಡೆಬಿಟ್‌ಗೆ ಹಾಕಿಬಿಡಿ. ಮತ್ತೆ ಎನ್‌ಎಂಸಿ ಖಾತೆಯಲ್ಲಿ ನಿಮ್ಮ ಸ್ವಂತ ಇಮೇಲ್ ಕೊಡಿ. ನನ್ನ ಸೋಫಾದ ಎದುರು ನಿಂತವರಲ್ಲಿ ಮೂವರ ನೋಂದಣಿ ಹೋದದ್ದು ಹಳೆಯ ಆಸ್ಪತ್ರೆಯ ಇಮೇಲ್ ಕೊಟ್ಟಿದ್ದರಿಂದ. ನೆನಪೋಲೆಗಳೆಲ್ಲ ಅಲ್ಲಿಗೇ ಹೋಗಿ, ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬಿದ್ದಿದ್ದವು.