ಮಳೆ ಹಿಡಿಯುವ ಮುಂಚೆ ಕಾರಿಗೆ ಒಂದು ಬೆಳಿಗ್ಗೆ ಕೊಡಿ

ಆಯುಧಪೂಜೆಗೆ ಕಾರು ತೊಳೆದು, ಹಾರ ಹಾಕಿ, ಟೈರಿನ ಅಡಿಗೆ ನಿಂಬೆಹಣ್ಣು ಇಡುವುದನ್ನು ನಮ್ಮಲ್ಲಿ ಯಾರೂ ಮರೆಯುವುದಿಲ್ಲ. ಆದರೆ ಕಾರಿಗೆ ನಿಜವಾದ ಕಷ್ಟ ಬರುವುದು ಅದಕ್ಕೂ ಮುಂಚಿನ ಮಳೆಗಾಲದಲ್ಲಿ. ಜೂನ್ ಮೊದಲ ವಾರ ಕಳೆದರೆ ರೋಹಿಣಿ ಮುಗಿದು ಮೃಗಶಿರಾ ಮಳೆ ಶುರು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ರಸ್ತೆಯ ಮೇಲೇ ನೀರು ಹರಿಯುತ್ತದೆ. ಬೆಂಗಳೂರಿನಲ್ಲಿ ಒಂದು ಗಂಟೆ ಜೋರು ಮಳೆ ಬಂದರೆ ಸಾಕು, ಅಂಡರ್‌ಪಾಸ್‌ಗಳು ಕೆರೆಯಾಗುತ್ತವೆ.

ಸರ್ವೀಸ್ ಮಾಡಿಸಿದ್ದೇನಲ್ಲ, ಮತ್ತೇನು ನೋಡಬೇಕು ಅಂತೀರಾ? ಸರ್ವೀಸ್ ನಡೆಯುವುದು ಕಿಲೋಮೀಟರ್ ಲೆಕ್ಕದಲ್ಲಿ. ಹೆಚ್ಚಿನ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ. ಮಳೆಗೆ ಆ ಲೆಕ್ಕ ಗೊತ್ತಿಲ್ಲ. ಡಿಸೆಂಬರಿನಲ್ಲಿ ಸರ್ವೀಸ್ ಆದ ಕಾರಿನ ವೈಪರ್ ರಬ್ಬರ್ ಏಪ್ರಿಲ್ ಬಿಸಿಲಿಗೆ ಒಣಗಿ ಸೀಳಿರುತ್ತದೆ. ಅದನ್ನು ಯಾರು ನೋಡಬೇಕು? ನಾವೇ ತಾನೇ.

ಇದಕ್ಕೆ ದೊಡ್ಡ ಪಟ್ಟಿ ಬೇಡ. ನೀರಿನ ದಾರಿ ಹಿಡಿದು ಕಾರನ್ನು ಒಂದು ಸುತ್ತು ಬನ್ನಿ. ನೀರು ಎಲ್ಲಿಂದ ಹೊರಗೆ ಹೋಗಬೇಕು, ಎಲ್ಲಿ ಒಳಗೆ ಬರಬಾರದು, ಇಷ್ಟೇ ಪ್ರಶ್ನೆ. ಕಾರು ರಾತ್ರಿಯೆಲ್ಲಾ ನಿಂತಿರಲಿ, ಜಾಗ ಸಮತಟ್ಟಾಗಿರಲಿ. ಹಳೆ ಬಟ್ಟೆ, ಟಾರ್ಚ್, ಒಂದು ಬಕೆಟ್ ನೀರು, ಚೊಂಬು ಮತ್ತು ಟೈರಿನ ಗಾಳಿ ನೋಡುವ ಗೇಜ್ ಹತ್ತಿರ ಇಟ್ಟುಕೊಳ್ಳಿ. ಬ್ಯಾಟರಿಯ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಟೈರು

ಟೈರಿನ ಗೆರೆಗಳು ಇರುವುದು ನೀರನ್ನು ಆಚೆ ತಳ್ಳುವುದಕ್ಕೆ. ಗೆರೆ ಸವೆದರೆ ಆ ನೀರಿಗೆ ಹೋಗಲು ಜಾಗವಿಲ್ಲ. ಟೈರಿಗೂ ರಸ್ತೆಗೂ ನಡುವೆ ನೀರಿನ ಪದರ ಕೂರುತ್ತದೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಕಾರು ತೇಲುತ್ತದೆ. ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಹೀಗಾದರೆ ಬ್ರೇಕ್ ಒತ್ತಿ ಪ್ರಯೋಜನವಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟೈರು ಮತ್ತೆ ರಸ್ತೆ ಮುಟ್ಟುವವರೆಗೆ ಕಾಯಬೇಕು ಅಷ್ಟೇ.

ಗೆರೆಯ ಒಳಗೆ ಅಲ್ಲಲ್ಲಿ ಅಡ್ಡಡ್ಡ ಸಣ್ಣ ದಿಬ್ಬಗಳಿರುತ್ತವೆ, ಟಾರ್ಚ್ ಬಿಟ್ಟು ನೋಡಿ. ಅವುಗಳ ಎತ್ತರ 1.6 ಮಿ.ಮೀ. ಸವೆದ ಟೈರು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ನಿಯಮದ ಪ್ರಕಾರವೇ ಅದರ ಆಯಸ್ಸು ಮುಗಿಯಿತು. ಮಳೆಗಾಲಕ್ಕೆ ನಾನು ಅಲ್ಲಿಯವರೆಗೂ ಕಾಯಿರಿ ಎನ್ನುವುದಿಲ್ಲ. 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ, ಅದರಲ್ಲೂ ನಿಮಗೆ ಘಾಟಿ ಓಡಾಟ ಇದ್ದರೆ, ಜೂನ್‌ಗೆ ಮುಂಚೆ ಬದಲಿಸಿ. ದೀಪಾವಳಿಗೆ ಮಾಡುವ ಖರ್ಚನ್ನು ನಾಲ್ಕು ತಿಂಗಳು ಮೊದಲೇ ಮಾಡಿದಂತೆ, ಜಾಸ್ತಿ ಏನೂ ಅಲ್ಲ.

ಒಂದೇ ಕಡೆ ಸವೆದಿದೆಯಾ? ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ತಪ್ಪಿದೆ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸುತ್ತಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆಯನ್ನೂ ಹುಡುಕಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಕಡಿಮೆ ಓಡಿಸುವವರು ಇದನ್ನು ನೋಡಲೇಬೇಕು. ಗೆರೆ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ, ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಒದ್ದೆ ರಸ್ತೆಯಲ್ಲಿ ಅಂಥ ಟೈರು ಹಿಡಿಯುವುದಿಲ್ಲ.

ಗಾಳಿ ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಗಾಳಿ, ಅದನ್ನು ನೋಡಿ ಹೊಡೆಸಬೇಡಿ. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ಅಳೆಯಿರಿ. ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಗ್ರಿಪ್ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ನಂಬಬೇಡಿ. ಗಾಳಿ ಇಳಿದಷ್ಟೂ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಜಾಕ್, ಸ್ಪ್ಯಾನರ್ ಡಿಕ್ಕಿಯಲ್ಲೇ ಇವೆಯಾ ಅಂತಲೂ.

ನೀರು ಹೊರಗೆ ಹೋಗುವ ತೂತುಗಳು

ಗ್ಯಾರೇಜಿನಲ್ಲಿ ಕೇಳದೆ ಇದ್ದರೆ ಯಾರೂ ನೋಡದ ಜಾಗ ಇದು. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೆಳಗಿರುವ ಪ್ಲಾಸ್ಟಿಕ್ ಜಾಲರಿ ನೋಡಿ. ಗಾಜಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿಗೇ ಇಳಿದು, ಎರಡೂ ಬದಿಯ ತೂತಿನಿಂದ ಕೆಳಗೆ ಹೋಗಬೇಕು. ಹೊಂಗೆಮರದ ಕೆಳಗೋ ಮಾವಿನಮರದ ಕೆಳಗೋ ಕಾರು ನಿಲ್ಲಿಸುವವರಿಗೆ ಅಲ್ಲಿ ಎಲೆ, ಹೂವು, ಮಣ್ಣು ಸೇರಿ ಗೊಬ್ಬರವೇ ಸಿಗುತ್ತದೆ. ಕೈ ಹಾಕಿ ತೆಗೆಯಿರಿ. ಆಮೇಲೆ ಒಂದು ಚೊಂಬು ನೀರು ನಿಧಾನವಾಗಿ ಹೊಯ್ದು, ಕಾರಿನ ಕೆಳಗೆ ಎರಡೂ ಕಡೆ ಸಲೀಸಾಗಿ ಬೀಳುತ್ತದೆಯಾ ನೋಡಿ. ಅಲ್ಲೇ ನಿಂತರೆ ಆ ನೀರು ಎಸಿ ಗಾಳಿ ಎಳೆದುಕೊಳ್ಳುವ ಜಾಗದಿಂದ ಕಾರಿನೊಳಗೆ ಬರುತ್ತದೆ.

ಬಾಗಿಲುಗಳ ಕೆಳ ಅಂಚಿನಲ್ಲೂ ಸಣ್ಣ ತೂತುಗಳಿವೆ. ಗಾಜಿನ ಸಂದಿಯಿಂದ ಒಳಗೆ ಇಳಿದ ಮಳೆನೀರು ಹೊರಬರುವುದು ಅಲ್ಲಿಂದ. ಮಣ್ಣು ಕಟ್ಟಿದ್ದರೆ ಊದಿನಕಡ್ಡಿಯಷ್ಟು ತೆಳುವಾದ ಕಡ್ಡಿ ಆಡಿಸಿ. ಬಾಗಿಲು ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ತೂತು ಮುಚ್ಚಿದೆ ಎಂದೇ ಅರ್ಥ. ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಸನ್‌ರೂಫ್ ಇದ್ದವರು ಅದನ್ನು ತೆರೆದು, ಮೂಲೆಗಳಲ್ಲಿರುವ ನಾಳದ ಬಾಯಿಗೆ ಸ್ವಲ್ಪವೇ ನೀರು ಬಿಟ್ಟು ಪರೀಕ್ಷಿಸಿ. ಮುಚ್ಚಿದ್ದರೆ ತಂತಿ ಹಾಕಿ ಚುಚ್ಚಬೇಡಿ. ಒಳಗೆ ನಾಳ ಕಳಚಿಕೊಂಡರೆ ಚಾವಣಿಯ ಬಟ್ಟೆಯನ್ನೇ ಬಿಚ್ಚಬೇಕಾಗುತ್ತದೆ.

ಈಗ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಮುಂದಿನ ಎಡಗಡೆ ಮಾತ್ರ ಒದ್ದೆಯಾಗಿದ್ದರೆ ಎಸಿ ನೀರು ಹೋಗುವ ಪೈಪ್ ಕಟ್ಟಿರುವ ಸಾಧ್ಯತೆ ಜಾಸ್ತಿ. ಮಳೆ ಬರುವ ಮುಂಚೆಯೇ ಒದ್ದೆ ಇದೆ ಎಂದರೆ ಅನುಮಾನವೇ ಬೇಡ.

ಬ್ರೇಕ್ ಆಯಿಲ್ ಎಂಬ ಮರೆತುಹೋದ ವಸ್ತು

ಎಂಜಿನ್ ಆಯಿಲ್ ಬದಲಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ಮುಖ ನೋಡುತ್ತಾರೆ. ಆ ಎಣ್ಣೆಗೆ ಗಾಳಿಯಲ್ಲಿನ ತೇವ ಹೀರುವ ಗುಣ ಇದೆ. ಡಾಟ್ 4 ಎಂದು ಬರೆದಿರುವ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಎಣ್ಣೆಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಒಂದೇ ಸಮ ಬ್ರೇಕ್ ಒತ್ತುತ್ತಾ ಬಂದರೆ ಶಾಖ ಏರಿ, ಹಳೆಯ ಎಣ್ಣೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಗ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಅದಕ್ಕೇ ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುವುದು. ಬಾನೆಟ್ ಒಳಗೆ ಡ್ರೈವರ್ ಕಡೆ ಇರುವ ಸಣ್ಣ ಡಬ್ಬಿಯಲ್ಲಿ ಮಟ್ಟ ನೋಡಿ. ಹೊಸ ಎಣ್ಣೆ ತೆಳು ಹಳದಿ, ಹಳೆಯದು ಕಂದು. ಮಟ್ಟ ಇಳಿದಿದ್ದರೆ ಸುಮ್ನೆ ಮೇಲೆ ಸುರಿಯಬೇಡಿ. ಬ್ರೇಕ್ ಪ್ಯಾಡ್ ಸವೆದ ಹಾಗೆ ಆ ಮಟ್ಟ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡೂ ಗ್ಯಾರೇಜಿನವರು ನೋಡಬೇಕಾದ ವಿಷಯ. ಅಲಾಯ್ ಚಕ್ರವಾದರೆ ಸಂದಿಯಿಂದ ಟಾರ್ಚ್ ಬಿಟ್ಟಾಗ ಮುಂದಿನ ಪ್ಯಾಡ್ ಕಾಣುತ್ತದೆ. 3 ಮಿ.ಮೀ. ಆಸುಪಾಸು ಉಳಿದಿದ್ದರೆ ಬದಲಿಸುವ ಹೊತ್ತು. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಬಿಚ್ಚದೆ ಏನೂ ಕಾಣುವುದಿಲ್ಲ, ಮೆಕ್ಯಾನಿಕ್‌ಗೇ ಬಿಡಿ. ಜಾಕ್ ಮೇಲೆ ಎತ್ತಿದ ಕಾರಿನ ಕೆಳಗೆ ಮಾತ್ರ ಯಾವ ಕಾರಣಕ್ಕೂ ನುಗ್ಗಬೇಡಿ.

ಒಳ್ಳೆ ಬ್ರೇಕ್ ಇದ್ದರೂ ಘಾಟಿಯಲ್ಲಿ ಏರಿದ ಗೇರಿನಲ್ಲೇ ಇಳಿಯುವುದು ಹಳೆಯ ಲಾರಿ ಡ್ರೈವರುಗಳ ಪದ್ಧತಿ. ಅವರನ್ನು ನೋಡಿ ಕಲಿಯಬೇಕಾದ್ದು ಅದು. ಇನ್ನು ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವವರು ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ತೇವಕ್ಕೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕಾಣಬೇಕು, ಕಾಣಿಸಿಕೊಳ್ಳಬೇಕು

ವೈಪರ್ ಎತ್ತುವ ಮುಂಚೆ ಗಾಜಿನ ಮೇಲೆ ಒಂದು ಟವೆಲ್ ಹಾಸಿ. ಕೈ ಜಾರಿ ಆ ಕಬ್ಬಿಣದ ಕೈ ಬಿದ್ದರೆ ಗಾಜು ಒಡೆಯಬಹುದು. ರಬ್ಬರಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡಿ. ಸೀಳು, ಗಡಸು, ಹಲ್ಲುಹಲ್ಲು ಸಿಕ್ಕರೆ ಬದಲಿಸಿ. ಅಂಚು ಚೆನ್ನಾಗಿದ್ದೂ ಗೆರೆ ಬಿಡುತ್ತಿದ್ದರೆ ತಪ್ಪು ಗಾಜಿನದು. ಹೊಗೆ, ಎಣ್ಣೆ, ವ್ಯಾಕ್ಸ್ ಸೇರಿ ತೆಳು ಜಿಡ್ಡು ಕೂತಿರುತ್ತದೆ. ಶಾಂಪೂ ನೀರಿನಿಂದ ಎರಡು ಸಲ ಉಜ್ಜಿ, ಒಳಗಡೆಯೂ ಒರೆಸಿ.

ಗಾಜಿಗೆ ಮಂಜು ಹಿಡಿದರೆ ಕರವಸ್ತ್ರ ಹುಡುಕುವವರೇ ಜಾಸ್ತಿ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವ ಬಟನ್ ಒತ್ತಿ. ಎಸಿ ತೇವ ಹೀರಿ ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಇದರ ಉಲ್ಟಾ ಆಗುವುದುಂಟು. ಎಸಿಗೆ ಗಾಜು ತಣ್ಣಗಾಗಿ ಹೊರಗಡೆ ಮಂಜು ಕೂರುತ್ತದೆ. ಆಗ ಒಳಗೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ವೈಪರ್ ಒಮ್ಮೆ ಆಡಿಸಿ, ಎಸಿ ಕಡಿಮೆ ಮಾಡಿ.

ದೀಪಗಳಿಗೆ ಸಂಜೆ ಹೊತ್ತು ಗೋಡೆ ಎದುರು ನಿಲ್ಲಿಸಿ ನೋಡುವುದೇ ಸುಲಭ. ಎರಡೂ ಲೈಟು ಒಂದೇ ಎತ್ತರಕ್ಕೆ ಬೀಳಲಿ. ಬ್ರೇಕ್ ಲೈಟಿಗೆ ಮನೆಯ ಮಕ್ಕಳನ್ನು ಹಿಂದೆ ನಿಲ್ಲಿಸಿ, ಖುಷಿಯಿಂದ ಮಾಡುತ್ತಾರೆ. ಹೆಡ್‌ಲೈಟ್ ಒಳಗೆ ನೀರಿನ ಹನಿ ನಿಂತಿದ್ದರೆ ರಬ್ಬರ್ ಬಿಟ್ಟಿದೆ ಎಂದು ತಿಳಿಯಿರಿ. ಮತ್ತೆ, ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಾಳಿ ದಯವಿಟ್ಟು ಬಿಡಿ. ನೀವು ಎಡಕ್ಕೋ ಬಲಕ್ಕೋ ತಿರುಗುವುದು ಹಿಂದಿನವರಿಗೆ ಗೊತ್ತಾಗುವುದೇ ಇಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿದರೆ ಸಾಕು.

ಬ್ಯಾಟರಿ, ಎಣ್ಣೆ, ಕೂಲೆಂಟ್

ಲೈಟು, ವೈಪರ್, ಎಸಿ ಮೂರೂ ಒಟ್ಟಿಗೆ ಓಡುವ ಕಾಲ ಇದು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚೆನ್ನಾಗಿದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಬಾರದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ತೋರಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಇದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಹಾಕುವಾಗ ಪ್ಲಸ್ ಮೊದಲು.

ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ. ಎರಡು ಗುರುತುಗಳ ನಡುವೆ ಇದ್ದರೆ ಆಯಿತು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ನಿಗೆ ನೀರು ಸೇರಿದೆ, ಸ್ಟಾರ್ಟ್ ಮಾಡಬೇಡಿ. ಎಣ್ಣೆ ಹೊಯ್ಯುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಕಡ್ಡಿಯ ಎಣ್ಣೆ ಸರಿಯಿದ್ದರೆ ಗಾಬರಿ ಬೇಡ, ದಿನಾ ಎರಡು ಕಿಲೋಮೀಟರ್ ಓಡಿಸುವ ಕಾರುಗಳಲ್ಲಿ ಅದು ಸಾಮಾನ್ಯ. ಎಂಜಿನ್ ತಣ್ಣಗಿಡುವ ದ್ರವವಾದ ಕೂಲೆಂಟಿನ ಡಬ್ಬಿಯ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಎಂಜಿನ್ ಬಿಸಿ ಇದ್ದಾಗ ಆ ಡಬ್ಬಿಯ ಮುಚ್ಚಳ ತೆಗೆದರೆ ಕೈ ಮುಖ ಸುಟ್ಟೀತು.

ಕಾರಿನ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಿ ಎಂದು ಎಲ್ಲ ಕಡೆ ಹೇಳುತ್ತಾರೆ. ಉಡುಪಿ, ಕುಮಟಾದ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರಿಗೆ ಅದು ದುಡ್ಡಿಗೆ ತಕ್ಕ ಕೆಲಸ. ಕಲಬುರಗಿಯ ಕಾರಿಗೆ ಬೇಕಿಲ್ಲ. ಎಂಜಿನ್ ಮೇಲೆ ಜೋರು ನೀರು ಹೊಡೆದು ತೊಳೆಸುವುದನ್ನಂತೂ ಯಾವ ಊರಿನಲ್ಲೂ ಮಾಡಿಸಬೇಡಿ.

ನೀರಿನಲ್ಲಿ ಕಾರು ನಿಂತರೆ

ಎಂಜಿನ್ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಪ್ಲಾಸ್ಟಿಕ್ ಪೈಪ್ ಹಿಡಿದು ಹೋದರೆ ಸಿಗುತ್ತದೆ. ಅಲ್ಲಿಗೆ ನೀರು ಹೋದರೆ ಸಿಲಿಂಡರಿಗೆ ಹೋದಂತೆ. ನೀರನ್ನು ಪಿಸ್ಟನ್ ಒತ್ತಲಾರದು, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತ ನೀರು ಚಕ್ರದ ಅರ್ಧಕ್ಕೆ ಬಂದಿದ್ದರೆ ವಾಪಸ್ ತಿರುಗಿ. ಅಂಡರ್‌ಪಾಸ್ ಆದರೆ ಆಳ ಊಹಿಸಲೇಬೇಡಿ. 2023ರ ಮೇನಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡರು.

ಕಾರು ನೀರಿನಲ್ಲಿ ಆಫ್ ಆದರೆ ಮತ್ತೆ ಕೀ ತಿರುಗಿಸಬೇಡಿ. ಮೊದಲು ಎಲ್ಲರೂ ಇಳಿಯಿರಿ. ಆಮೇಲೆ ತಳ್ಳಿ ಅಥವಾ ಟೋ ಮಾಡಿಸಿ. ವಿಮೆ ಮಾಡಿಸುವಾಗ ಎಂಜಿನ್ ಪ್ರೊಟೆಕ್ಷನ್ ಸೇರಿಸಿದ್ದೀರಾ ಎಂದು ಪಾಲಿಸಿ ತೆಗೆದು ನೋಡಿ, ಸಾಮಾನ್ಯ ಪಾಲಿಸಿಯಲ್ಲಿ ನೀರು ನುಗ್ಗಿ ಹಾಳಾದ ಎಂಜಿನ್ನಿಗೆ ಹಣ ಸಿಗುವುದು ಕಷ್ಟ. ಅದೇ ಹೊತ್ತಿಗೆ ಎಮಿಷನ್ ಸರ್ಟಿಫಿಕೇಟಿನ ದಿನಾಂಕವನ್ನೂ ನೋಡಿಬಿಡಿ, ಅದಿಲ್ಲದಿದ್ದರೆ ದಂಡ 10,000 ರೂಪಾಯಿವರೆಗೆ ಹೋಗುತ್ತದೆ.

ಸುತ್ತು ಮುಗಿದ ಮೇಲೆ ಸಿಕ್ಕಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಗ್ಯಾರೇಜಿಗೆ ಕೊಡಿ. "ಸುಮ್ನೆ ಒಂದ್ಸಲ ಚೆಕ್ ಮಾಡಿ" ಎಂದರೆ ಅವರೂ ಸುಮ್ನೆ ನೋಡುತ್ತಾರೆ. "ಹಿಂದಿನ ಎಡ ಬಾಗಿಲಲ್ಲಿ ನೀರು ನಿಲ್ಲುತ್ತಿದೆ, ಬ್ರೇಕ್ ಆಯಿಲ್ ಕಂದಾಗಿದೆ" ಎಂದು ಬರೆದುಕೊಟ್ಟರೆ ಆ ಎರಡು ಕೆಲಸವಾದರೂ ಆಗುತ್ತದೆ. ಎಣ್ಣೆ ಬದಲಿಸಿದ ತಾರೀಕನ್ನು ಬಿಲ್ಲಿನಲ್ಲಿ ಬರೆಸಿಕೊಂಡು ಬನ್ನಿ.