ಕೆಟ್ಟ ಕ್ಯಾಮೆರಾಗೆ ದುಡ್ಡು ಹಾಕೋ ಮೊದಲು

ವೈಶಾಖದ ಒಂದು ಮದುವೆ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ಫೋಟೊದ ಕೆಳಗಿನ ಅರ್ಧ ಕಪ್ಪಾಗಿ ಬಂತು. ಇನ್ನೆರಡು ಕ್ಲಿಕ್ ಆದ ಮೇಲೆ ಶಟರ್, ಅಂದರೆ ಕ್ಲಿಕ್ ಮಾಡಿದಾಗ ತೆರೆದು ಮುಚ್ಚುವ ಪರದೆ, ನಿಂತೇ ಹೋಯಿತು. ಬ್ಯಾಗಿನಲ್ಲಿ ಇನ್ನೊಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದ್ದದ್ದಕ್ಕೆ ಮರ್ಯಾದೆ ಉಳಿಯಿತು. ರಿಪೇರಿಗೆ 14,000 ರೂಪಾಯಿ ಅಂದರು. ಕ್ಯಾಮೆರಾಗೆ ಏಳು ವರ್ಷ ಆಗಿತ್ತು.

'ಅರವತ್ತು ಸಾವಿರ ಕೊಟ್ಟಿದ್ದೀನಿ, ಇದೇನು ಮಹಾ' ಅಂತ ಲೆಕ್ಕ ಹಾಕಬೇಡಿ. ಆ ದುಡ್ಡು ಯಾವತ್ತೋ ಹೋಯಿತು, ಅಲ್ವಾ? ಅದೇ ಮಾಡೆಲ್ ಇವತ್ತು ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಸಿಗುತ್ತದೆ ನೋಡಿ. ರಿಪೇರಿ ಖರ್ಚು ಅದರ ಅರ್ಧ ದಾಟಿದರೆ ನಾನು ಕೈ ಹಾಕುವುದಿಲ್ಲ. ನನ್ನದು 30,000ಕ್ಕೆ ಸಿಗುತ್ತಿತ್ತು, ಮಾಡಿಸಿದೆ. ಬೇರೆಯವರು ಬಳಸಿದ ಕ್ಯಾಮೆರಾ ತಂದರೆ ಅದರ ಶಟರ್ ಎಷ್ಟು ಓಡಿದೆಯೋ! ನನ್ನದರಲ್ಲಿ ಈಗ ಹೊಸ ಶಟರ್ ಇದೆ.

ಶಟರ್‌ಗೂ ಆಯಸ್ಸು ಇರುತ್ತದೆ. ನಿಕಾನ್ ಡಿ7200ರ ಶಟರನ್ನು ಕಂಪನಿ 1,50,000 ಕ್ಲಿಕ್‌ಗೆ ಪರೀಕ್ಷಿಸಿದೆ. ಒಂದು ಮದುವೆಗೆ 2,000 ಕ್ಲಿಕ್ ಅಂದರೂ 75 ಮದುವೆ. ದಾಟಿದ ಕೂಡಲೇ ಕೆಡುತ್ತದೆ ಅಂತಲ್ಲ, ಆದರೆ ಲೆಕ್ಕ ಗೊತ್ತಿರಲಿ. ನಿಕಾನ್‌ನಲ್ಲಿ ಇಲ್ಲಿಯವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನುವುದು ಫೋಟೊ ಫೈಲಿನೊಳಗೇ ಇರುವ ಎಕ್ಸಿಫ್ ಮಾಹಿತಿಯಲ್ಲಿ ಸಿಗುತ್ತದೆ.

ಅಂಗಡಿಗೆ ಒಯ್ಯುವ ಮೊದಲು ಬೇರೆ ಬ್ಯಾಟರಿ, ಬೇರೆ ಕಾರ್ಡ್, ಬೇರೆ ಲೆನ್ಸ್ ಹಾಕಿ ನೋಡಿ. ಲೆನ್ಸ್ ಕೂರುವ ಜಾಗದ ಹಿತ್ತಾಳೆ ಬಣ್ಣದ ಚುಕ್ಕಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಮಳೆಯಲ್ಲಿ ನೆಂದಿದ್ದರೆ ಮಾತ್ರ ಆನ್ ಮಾಡಲೇಬೇಡಿ, ಮೊದಲು ಬ್ಯಾಟರಿ ತೆಗೆಯಿರಿ. ಅಕ್ಕಿಯಲ್ಲಿ ಹೂಳಬೇಡಿ, ದೂಳು ಒಳಗೆ ಹೋಗುತ್ತದೆ.

ಹಳೆಯ ಬಾಡಿಯಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಅಥವಾ ಒಳಗಿನ ಮುಖ್ಯ ಸರ್ಕ್ಯೂಟ್ ಆದ ಮದರ್‌ಬೋರ್ಡ್ ಹೋದರೆ ಬಿಟ್ಟುಬಿಡಿ. ಎಸ್ಟಿಮೇಟ್ ಬರಹದಲ್ಲೇ ಕೇಳಿ, ಹಳೆಯ ಪಾರ್ಟ್ ವಾಪಸ್ ಕೇಳಿ.

ಒಳ್ಳೆಯ ಲೆನ್ಸ್ ಬಗ್ಗೆ ಮಾತ್ರ ಜಿಪುಣತನ ಬೇಡ. ಬಾಡಿ ಬದಲಾದರೂ ಲೆನ್ಸ್ ಉಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಶತ್ರು ಫಂಗಸ್, ಅಂದರೆ ಬೂಷ್ಟು. ಟಾರ್ಚ್ ಹಿಡಿದು ನೋಡಿದರೆ ಗಾಜಿನ ಅಂಚಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಬಿಳಿ ಎಳೆಗಳು ಕಾಣುತ್ತವೆ. ಆಗಲೇ ಕ್ಲೀನ್ ಮಾಡಿಸಿ. ತಡವಾದರೆ ಗಾಜಿನ ಮೇಲಿನ ತೆಳು ಕೋಟಿಂಗನ್ನೇ ತಿಂದುಬಿಡುತ್ತದೆ, ಆ ಕಲೆ ಹೋಗುವುದಿಲ್ಲ. ನಾನು ಜೂನ್ ಬರುವ ಮೊದಲೇ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಒಳಗೊಂದು ತೇವಾಂಶದ ಮೀಟರ್ ಇದೆ. ಮುಳ್ಳು ಶೇಕಡ 50 ದಾಟಿತು ಅಂದರೆ ಜೆಲ್ ಬದಲಾಯಿಸುತ್ತೇನೆ.